ಹಟ್ಟಿ ಬಾಗಿಲಿನ ನಿದ್ದೆ

ನಮ್ಮಣ್ಣ ಉದ್ದಪ್ಪನ ಬಗ್ಗೆ ಬರೆಯಬೇಕೆಂದು ಕುಳಿತರೆ ಮೊದಲು ನೆನಪಾಗುವುದು ಅವನ ನಿದ್ದೆ. ಬೇರೆಯವರ ಚರಿತ್ರೆಯಲ್ಲಿ ಅವರು ಎದ್ದು ಮಾಡಿದ ಕೆಲಸಗಳು ಇರುತ್ತವೆ. ನಮ್ಮಣ್ಣನಿಗೆ ಹೆಸರು ಬಂದದ್ದು ಅವನು ಮಲಗುತ್ತಿದ್ದ ರೀತಿಯಿಂದ, ಆ ಹೆಸರು ಕೆಟ್ಟದ್ದೂ ಅದರಿಂದಲೇ. ನಾನು ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದವನು, ಒಂದು ಮಾತಿಗೆ ಹತ್ತು ಮಾತು ಆಡುವ ಚಟ ನನಗಿದೆ ಎಂದು ಮನೆಯವರೆಲ್ಲ ಬೈಯುತ್ತಾರೆ. ಆದ್ದರಿಂದ ನೆಟ್ಟಗೆ ಹೇಳಿಬಿಡುತ್ತೇನೆ.

ನಾವು ಕುಲಗೋಡದ ಹಾಲುಮತದವರು, ಕುರಿ ಕಾಯ್ದ ಮನೆತನ. ಅಪ್ಪ ತೀರಿಕೊಂಡಾಗ ನಮ್ಮ ಪಾಲು ಜಗಳವಿಲ್ಲದೆ ಆಯಿತು: ಕುರಿ ಅಣ್ಣನಿಗೆ, ಸಾಲಿ ನನಗೆ. ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ನನಗೆ ಘೋಡಗೇರಿಯಲ್ಲಿ ಮಾಸ್ತರಿಕೆ ಸಿಕ್ಕಿತು. ಅಣ್ಣ ಪ್ರತಿ ವರ್ಷ ಜೋಳದ ರಾಶಿ ಮುಗಿದೊಡನೆ ಕುರಿ ಹೊಡೆದುಕೊಂಡು ಹುಕ್ಕೇರಿ ಸೀಮೆಗೆ ಬರುತ್ತಿದ್ದ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರುಬನಿಗೆ ಜೋಳ. ಘೋಡಗೇರಿಯಿಂದ ಹಿಡಿದು ಕಣಗಲಾದವರೆಗೆ ಅವನು ತರುಬದ ಹೊಲ ಕಡಿಮೆ.

ಅವನ ಜೊತೆ ಇನ್ನೆರಡು ಮನೆಯ ಕುರಿಗಳೂ ಕೂಡಿರುತ್ತಿದ್ದವು. ಒಂದು ಸಾತಪ್ಪನದು, ಸಾತಪ್ಪ ನನ್ನ ಅತ್ತಿಗೆ ಕೆಂಪವ್ವನ ಸ್ವಂತ ತಮ್ಮ, ಬಿಸಿ ರಕ್ತದವನು. ಇನ್ನೊಂದು ನಮ್ಮ ಓಣಿಯ ಹಿರಿಯ ಬೀರಸಿದ್ದಪ್ಪನದು. ಮೂರೂ ಮನೆಯವು ಸೇರಿ ಮುನ್ನೂರರ ಮೇಲೆ ಕುರಿ. ಸಂಜೆಗೆ ಜಾಲಿಮುಳ್ಳಿನ ಬೇಲಿ ಹಾಕಿ ಹಟ್ಟಿ ಕಟ್ಟುತ್ತಿದ್ದರು. ಆ ಹಟ್ಟಿಗೆ ಒಂದೇ ಬಾಗಿಲು. ಬಾಗಿಲಿಗೆ ಕದ ಇಲ್ಲ. ಒಬ್ಬ ಮನುಷ್ಯ ಕಂಬಳಿ ಹಾಸಿ ಅಡ್ಡ ಮಲಗಬೇಕು, ಅವನೇ ಕದ.

ಬಾಗಿಲಿಗೆ ಯಾರು ಬೇಕಾದರೂ ಮಲಗುವಂತಿರಲಿಲ್ಲ. ಅಲ್ಲಿ ಮಲಗುವವನೇ ಹಟ್ಟಿಯ ಯಜಮಾನ. ನಾಳೆ ಯಾವ ಹೊಲ, ಯಾವ ದಾರಿ, ಯಾವಾಗ ಊರಿಗೆ ತಿರುಗಬೇಕು ಎಂಬುದೆಲ್ಲ ಅವನ ಮಾತು. ನಮ್ಮಣ್ಣ ಇಪ್ಪತ್ತೆಂಟನೆಯ ವಯಸ್ಸಿಗೇ ಆ ಜಾಗಕ್ಕೆ ಬಂದಿದ್ದ, ಕಾರಣ ಅವನ ಕಿವಿ. ಗಾಢವಾಗಿ ಮಲಗಿರುತ್ತಿದ್ದ, ಸುತ್ತ ಮಾತಾಡಿದರೂ ಏಳುತ್ತಿರಲಿಲ್ಲ. ಆದರೆ ಒಂದು ಕುರಿ ಹೆದರಿ ಕಾಲು ಬಡಿದರೆ ಸಾಕು, ಕೋಲು ಹಿಡಿದು ನಿಂತಿರುತ್ತಿದ್ದ. ಹದಿನೈದು ವರ್ಷದಲ್ಲಿ ತೋಳ ಅವನ ಹಟ್ಟಿಯಿಂದ ಒಂದು ಮರಿಯನ್ನೂ ಒಯ್ದಿರಲಿಲ್ಲ. ಗರ್ವಪಡಲು ಅವನಿಗೆ ಬೇರೇನೂ ಇರಲಿಲ್ಲ, ಅಷ್ಟಿತ್ತು.

ಕೆಟ್ಟ ಕಾಲ ಶುರುವಾದದ್ದು ಐವತ್ತಮೂರನೆಯ ಇಸವಿಯ ಚಳಿಗಾಲದಲ್ಲಿ. ಅವನ ಹಳೆಯ ನಾಯಿ ಸತ್ತಿತು. ಹೊಸದಾಗಿ ತಂದ ಎರಡು ನಾಯಿಗಳು ಎಲೆ ಅಲುಗಿದರೂ ಬೊಗಳುವ ಜಾತಿಯವು. ಯಾವುದು ಖರೆ, ಯಾವುದು ಸುಳ್ಳು ಎಂದು ತಿಳಿಯದೆ ಅಣ್ಣ ರಾತ್ರಿಯೆಲ್ಲ ಹೊರಳಾಡತೊಡಗಿದ. ಮೇಲೆ ಮೊಣಕಾಲು ನೋವು ಬೇರೆ. ಒಂದು ತಿಂಗಳು ಹೀಗೆ ಕಳೆದ ಮೇಲೆ, ಹೊಲದ ರೈತನೊಬ್ಬ ಕರುಣೆಯಿಂದಲೇ ಒಂದು ಉಪಾಯ ಹೇಳಿದ.

"ಒಂದ ಗಿಲಾಸ ಹಾಕ್ಕೊ ಉದ್ದಪ್ಪ. ಕಲ್ಲ ಬಿದ್ದಂಗ ಬೀಳತಿ ನೋಡ."

ಆಗ ನಾವು ಮುಂಬಯಿ ರಾಜ್ಯದಲ್ಲಿದ್ದೆವು, ದಾರೂಬಂದಿ ಜಾರಿಯಲ್ಲಿತ್ತು. ಕಾಯದೆ ಪುಸ್ತಕದಲ್ಲಿತ್ತು, ಭಟ್ಟಿ ಹಳ್ಳದ ದಂಡೆಯಲ್ಲಿತ್ತು. ಬೆಲ್ಲದ ಸೀಮೆಯಲ್ಲಿ ಬೆಲ್ಲ ಕೊಳೆಸುವವರಿಗೆ ಬರವೇ? ಅಣ್ಣ ಅಲ್ಲಿಯವರೆಗೆ ಕುಡಿದವನೇ ಅಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ದೇವರ ಕಾರ್ಯದಲ್ಲಿ, ಬೀಗರ ಊಟದಲ್ಲಿ ಒಂದು ಗುಟುಕು ಕುಡಿಯುತ್ತಿದ್ದ, ನಕ್ಕು ಮಾತಾಡುತ್ತಿದ್ದ, ಮನೆಗೆ ಬರುತ್ತಿದ್ದ. ನಿದ್ದೆಗಾಗಿ ಕುಡಿದದ್ದು ಅದೇ ಮೊದಲು.

ರೈತ ಹೇಳಿದಂತೆಯೇ ಆಯಿತು. ರೊಟ್ಟಿ ತಿಂದು ಒಂದು ಗಿಲಾಸು ಹಾಕಿದರೆ ಕಂಬಳಿಗೆ ತಲೆ ತಾಗುವುದರೊಳಗೆ ನಿದ್ದೆ. ನಾಯಿ ಬೊಗಳಿದರೂ ಇಲ್ಲ, ಮೊಣಕಾಲು ನೋವೂ ಇಲ್ಲ. ಆ ವಾರ ಸಂತೆಗೆ ಹೋದವನು ನನ್ನ ಖೋಲಿಗೆ ಬಂದು, ಔಷಧ ಕಂಡುಹಿಡಿದ ವೈದ್ಯನ ಹಾಗೆ ಹೇಳಿಕೊಂಡ. ಇಷ್ಟರಲ್ಲೇ ನಿಂತಿದ್ದರೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ಹದಿನೈದು ದಿನಕ್ಕೆ ಒಂದು ಗಿಲಾಸು ಸಾಲದಾಯಿತು. ಎರಡಾಯಿತು, ಸಂಕ್ರಮಣದ ಹೊತ್ತಿಗೆ ಮೂರಾಯಿತು.

ಮೂರಾದ ಮೇಲೆ ಇನ್ನೊಂದು ಸಂಗತಿ ನಡೆಯಿತು. ಪ್ರತಿ ರಾತ್ರಿ ಮೂರನೆಯ ಜಾವಕ್ಕೆ, ಯಾರೋ ಹೆಗಲು ಹಿಡಿದು ಅಲುಗಿಸಿದಂತೆ ಅವನಿಗೆ ಥಟ್ಟನೆ ಎಚ್ಚರವಾಗುತ್ತಿತ್ತು. ಎದೆ ಡಬಡಬ ಬಡಿಯುತ್ತಿತ್ತು, ಮೈ ಬೆವರಿರುತ್ತಿತ್ತು, ಬಾಯಿ ಒಣಗಿರುತ್ತಿತ್ತು. ಆಮೇಲೆ ಎಷ್ಟು ಹೊರಳಿದರೂ ನಿದ್ದೆ ಹತ್ತುತ್ತಿರಲಿಲ್ಲ. ಕುರಿ ಕಾಯುವವರಿಗೆಲ್ಲ ಗೊತ್ತು, ಮೂರನೆಯ ಜಾವ ತೋಳದ ಹೊತ್ತು. ಸರಿಯಾಗಿ ಅದೇ ಹೊತ್ತಿಗೆ, ತಪ್ಪದೆ, ದಿನಾಲೂ ಎಚ್ಚರ.

ಇದಕ್ಕೆ ಅರ್ಥ ಹಚ್ಚಿದವನು ಬೀರಸಿದ್ದಪ್ಪ. "ಇದು ನಿನ್ನ ಎಚ್ಚರಲ್ಲೋ ಉದ್ದಪ್ಪ. ತಾಯಿ ಮಾಯವ್ವ ಬಂದು ಎಬ್ಬಸಾಕತ್ಯಾಳ. ನಾಯಿ ಸತ್ತೈತೆಂತ ತಾನ ಬಂದು ಕಾಯಾಕತ್ಯಾಳ."

ಮಾಯವ್ವ ನಮ್ಮ ಕುರುಬರ ಕುಲದೇವಿ, ನಮ್ಮವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಮಂದಿ. ಬೆಳಗಾದರೆ ಸಾತಪ್ಪ ಕೈಮುಗಿದು, "ಮಾವಾ, ತಾಯಿ ಎಬ್ಬಿಸಿದ್ಲೇನು?" ಎಂದು ಕೇಳುವನು. ಅಣ್ಣ ಗಂಭೀರವಾಗಿ ತಲೆಯಾಡಿಸುವನು. ಆಮೇಲಾಮೇಲೆ ಗಿಲಾಸು ತುಂಬಿದಾಗ ಮೊದಲ ಹನಿಯನ್ನು ಭೂಮಿಗೆ ಚೆಲ್ಲಿ, "ತಾಯೀ, ಹೊತ್ತಿಗೆ ಸರಿಯಾಗಿ ಎಬ್ಬಸವ್ವ" ಎಂದು ಬೇಡಿಕೊಂಡು ಕುಡಿಯತೊಡಗಿದ. ದಾರೂ ಹೀಗೆ ಸೇವೆಯಾಯಿತು. ಸೇವೆಯಾದದ್ದನ್ನು ಬಿಡು ಎನ್ನುವ ಧೈರ್ಯ ಯಾರಿಗಿದೆ?

ಬೇರೆಯವರನ್ನು ನೋಡಿ ನಗುವುದು ಸುಲಭ. ನಾನೇನು ಮಾಡಿದೆ ಕೇಳಿ. ಮಕ್ಕಳಿಗೆ ಆರೋಗ್ಯದ ಪಾಠ ಹೇಳುವ ಮಾಸ್ತರ ನಾನು; ನಮ್ಮ ಅಣ್ಣನನ್ನು ದೇವಿ ಎಬ್ಬಿಸುತ್ತಾಳೆ ಎಂದು ಸಾಲಿಯ ಕಟ್ಟೆಯ ಮೇಲೆ ಕುಳಿತು ಜಂಬ ಕೊಚ್ಚಿದೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿರಬೇಕು.

ನಂಬದವಳು ಒಬ್ಬಳೇ, ಅತ್ತಿಗೆ ಕೆಂಪವ್ವ. ಅವಳು ಹಟ್ಟಿಯ ಜೊತೆಗೇ ಇರುತ್ತಿದ್ದಳು, ಮೂರು ಕಲ್ಲಿನ ಒಲೆಯ ಹತ್ತಿರ ಅವಳ ಹಾಸಿಗೆ. ಗಂಡ ಗೊರಕೆ ಹೊಡೆಯುವುದನ್ನು ಇಪ್ಪತ್ತು ವರ್ಷದಲ್ಲಿ ಕೇಳದವಳು ಈಗ ದಿನಾಲೂ ಕೇಳುತ್ತಿದ್ದಳು. ಅವಳು ನೋಡಿದ್ದು ಬೇರೆಯೂ ಇತ್ತು. ಮೂರನೆಯ ಜಾವಕ್ಕೆ ಎದ್ದು ಕೂಡುವ ಮನುಷ್ಯ ಬೆಳ್ಳಿ ಮೂಡುವ ಹೊತ್ತಿಗೆ ಕುಳಿತಲ್ಲೇ ತೂಕಡಿಸುತ್ತಿದ್ದ, ಕಣ್ಣು ತೆರೆದೇ ಇರುತ್ತಿದ್ದವು. ಹಗಲಿನಲ್ಲಿ ಕೋಲಿಗೆ ಒರಗಿ ನಿಂತೇ ಮಂಪರಿಗೆ ಜಾರುತ್ತಿದ್ದ. ಒಮ್ಮೆ ಕುರಿಗಳು ಕಡಲೆ ಹೊಲಕ್ಕೆ ನುಗ್ಗಿ ದೊಡ್ಡ ರಂಪವಾಯಿತು. ಸಣ್ಣ ಮಾತಿಗೆ ಸಿಡುಕುತ್ತಿದ್ದ. ಹೀಗೆಂದು ಅವಳು ನನಗೆ ಹೇಳಿದಾಗ ನಾನು, "ವಯಸ್ಸಾತಲ್ಲ ವೈನಿ" ಎಂದು ದೊಡ್ಡ ಮನುಷ್ಯನ ಹಾಗೆ ಸಮಾಧಾನ ಹೇಳಿ ಕಳಿಸಿದೆ. ಈಗಲೂ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಾಘ ಮಾಸದಲ್ಲಿ ಹಟ್ಟಿ ಘೋಡಗೇರಿಯ ಸೀಮೆಗೆ ಬಂತು, ನನ್ನ ಸಾಲಿಯಿಂದ ಒಂದು ಮೈಲು ದೂರ. ಬಂದ ನಾಲ್ಕನೆಯ ದಿನ ಬೆಳಿಗ್ಗೆ ಒಂದು ಮರಿ ಇರಲಿಲ್ಲ. ಬಾಗಿಲ ಹತ್ತಿರದಿಂದಲೇ ತೋಳದ ಹೆಜ್ಜೆ ಹೋಗಿದ್ದವು. "ನಾ ಎಚ್ಚರಿದ್ದೆ" ಎಂದು ಅಣ್ಣ ಆಣೆ ಮಾಡಿದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಎಚ್ಚರವಿದ್ದೇನೆಂದೇ ಅವನಿಗೆ ಅನಿಸಿತ್ತು. ತಪ್ಪನ್ನು ಹೊಸ ನಾಯಿಗಳ ತಲೆಗೆ ಕಟ್ಟಿದರು. ಎಂಟು ದಿನಕ್ಕೆ ಮತ್ತೆ ಎರಡು ಗಬ್ಬದ ಕುರಿ ಹೋದವು. ಎರಡೂ ಸಾತಪ್ಪನವು.

ತಾಯಿ ಮುನಿದಿದ್ದಾಳೆ, ಸೇವೆ ಸಾಲದು ಎಂದ ಬೀರಸಿದ್ದಪ್ಪ. ಅಣ್ಣ ನಾಲ್ಕನೆಯ ಗಿಲಾಸಿಗೆ ಏರಿದ.

ಸಾತಪ್ಪ ಮಾತ್ರ ಈ ಸಲ ಕೈಮುಗಿಯಲಿಲ್ಲ. "ಮಾವಾ, ನಿನ್ನ ಮ್ಯಾಲ ನನಗ ಮರ್ಯಾದಿ ಐತಿ. ಆದ್ರ ಇನ್ನೊಂದ ಕುರಿ ಹೋತಂದ್ರ ಹಟ್ಟಿ ಬ್ಯಾರೆ ಮಾಡೋದ ನೋಡ" ಎಂದ. ಬೀರಸಿದ್ದಪ್ಪ ನೆಲ ನೋಡುತ್ತ ಕುಳಿತ, ಬೇಡ ಎನ್ನಲಿಲ್ಲ. ಹಟ್ಟಿ ಬೇರೆಯಾದರೆ ಅಣ್ಣನ ಪಾಲಿಗೆ ಉಳಿಯುವುದು ತೊಂಬತ್ತು ಕುರಿ, ಗಂಡ ಹೆಂಡತಿ ಇಬ್ಬರೇ; ಮಗಳು ಇನ್ನೂ ಸಣ್ಣವಳು, ಊರಲ್ಲಿ ಅಜ್ಜಿಯ ಹತ್ತಿರ. ಇಬ್ಬರಿಂದ ದಾರಿಯ ಮೇಲೆ ಹಟ್ಟಿ ನಡೆಯುವುದಿಲ್ಲ. ಮಾರಬೇಕು, ಯಾರದಾದರೂ ಕಬ್ಬಿನ ಹೊಲದಲ್ಲಿ ಕೂಲಿಗೆ ನಿಲ್ಲಬೇಕು. ಅದಕ್ಕಿಂತ ಹೆಚ್ಚಾಗಿ, ಬಾಗಿಲಿಗೆ ಮಲಗಲು ಇವನು ಯೋಗ್ಯನಲ್ಲ ಎಂದು ನಮ್ಮ ಮೂಡಲಗಿ ಸೀಮೆಯ ಕುರುಬರೆಲ್ಲ ಆಡಿಕೊಳ್ಳುತ್ತಾರೆ. ಅಣ್ಣ ಆ ದಿನ ಉಣ್ಣಲಿಲ್ಲ.

ದೇವರು ದೊಡ್ಡವನು, ಅದೇ ವಾರ ಪೊಲೀಸರನ್ನು ಕಳಿಸಿದ. ಹಳ್ಳದ ದಂಡೆಯ ಭಟ್ಟಿಗಳನ್ನು ಒಡೆದು, ಗಡಿಗೆಗಳನ್ನು ಚೂರು ಮಾಡಿ, ನಾಲ್ಕು ಮಂದಿಯನ್ನು ಹಿಡಿದುಕೊಂಡು ಹೋದರು. ಸುತ್ತ ಐದು ಹಳ್ಳಿಯಲ್ಲಿ ಒಂದು ಹನಿ ಸಿಗದಂತಾಯಿತು.

ಮೊದಲ ಎರಡು ರಾತ್ರಿ ಅಣ್ಣನಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಕೈ ನಡುಗುತ್ತಿತ್ತು. ಸಾಲಿ ಬಿಟ್ಟ ಮೇಲೆ ನಾನು ಹೋದರೆ, "ನೋಡ ತಮ್ಮಾ, ಅದ ಇಲ್ಲದ ನಿದ್ದಿನ ಬರವಲ್ದು. ಅದ ನನ್ನ ಔಷಧ ಆಗಿತ್ತು" ಎಂದು ಅಳುವ ದನಿಯಲ್ಲಿ ಹೇಳಿದ. ನನಗೂ ಹೌದೆನ್ನಿಸಿತು. ಅತ್ತಿಗೆ ನುಚ್ಚಿಗೆ ಮಜ್ಜಿಗೆ ಕಲಸಿ ಅವನ ಮುಂದಿಟ್ಟಳು. ಹಗಲು ಅವನನ್ನು ಮಲಗಲು ಬಿಡದೆ ಕುರಿಗಳ ಹಿಂದೆ ಅಟ್ಟುತ್ತಿದ್ದಳು. ಮೂರನೆಯ ರಾತ್ರಿ ತಡವಾಗಿ ನಿದ್ದೆ ಹತ್ತಿತಂತೆ, ಆದರೆ ಬರೀ ಕನಸು. ಕುರಿಗಳು ಮರ ಹತ್ತಿ ಕುಳಿತಂತೆ, ಸತ್ತ ನಾಯಿ ಮಾತಾಡಿದಂತೆ. ನಾಲ್ಕನೆಯ ರಾತ್ರಿ ಕನಸು ಕಡಿಮೆಯಾದವು. ಐದನೆಯ ರಾತ್ರಿ ಬೆಳಗಿನವರೆಗೆ ಎಚ್ಚರವೇ ಆಗಲಿಲ್ಲ.

ಆ ಬೆಳಿಗ್ಗೆ ಅಣ್ಣ ಹೆದರಿಬಿಟ್ಟ. ಕುರಿಗಳೆಲ್ಲ ಇದ್ದವು, ಒಂದೂ ಹೋಗಿರಲಿಲ್ಲ. ಅವನ ಹೆದರಿಕೆ ಬೇರೆ. "ತಾಯಿ ಬರಲಿಲ್ಲ. ನನ್ನ ಕೈಬಿಟ್ಟಳು" ಎಂದು ತಲೆ ಹಿಡಿದುಕೊಂಡು ಕುಳಿತ.

ಅತ್ತಿಗೆ ಅಂದು ಬಾಯಿ ಬಿಟ್ಟಳು. ನಾನು ಅಲ್ಲೇ ಇದ್ದೆ. "ದಾರೂ ಕುಡದ ದಿನ ಬರ್ತಾಳ, ಕುಡೀದ ದಿನ ಬರಂಗಿಲ್ಲ. ಹಂಗಾರ ತಾಯಿ ಭಟ್ಟಿಯೊಳಗ ಕುಂತಾಳೇನ್ರಿ? ಪೊಲೀಸರು ಗಡಗಿ ಒಡದ್ರ ಮಾಯವ್ವ ಓಡಿ ಹೋಗ್ತಾಳೇನು?"

ಅಣ್ಣ ಕೆಂಡವಾದ. ದೇವಿಯ ಮಾತನ್ನು ಹಗುರಾಗಿ ಆಡಬೇಡ ಎಂದು ಗದರಿದ. ನಾನೂ, "ವೈನಿ, ಹಂಗ ಅನಬಾರದು" ಎಂದೆ. ಅವಳು ನನ್ನನ್ನು ಒಮ್ಮೆ ನೋಡಿದಳು. ಗಡಿಗೆ ಎತ್ತಿಕೊಂಡು ನೀರಿಗೆ ಹೋದಳು.

ಅದೇ ದಿನ ಸಂಜೆ ಕಣಗಲಾದ ಕಡೆಯಿಂದ ಬಂದ ಗುರುತಿನವನೊಬ್ಬ ಒಂದು ಬಾಟಲಿ ತಂದುಕೊಟ್ಟ. ಅಣ್ಣ ಹನಿ ಚೆಲ್ಲಿ, ತಾಯಿಯನ್ನು ಬೇಡಿ, ಮೂರು ಗಿಲಾಸು ಕುಡಿದ. ಮೂರನೆಯ ಜಾವಕ್ಕೆ ಥಟ್ಟನೆ ಎದ್ದು ಕುಳಿತ. ಎದೆ ಡಬಡಬ, ಬೆವರು, ಒಣಗಿದ ಬಾಯಿ. ಅವನು ಮೊದಲು ಖುಷಿಯಿಂದ ಕೈಮುಗಿದನಂತೆ. ಅಷ್ಟರಲ್ಲಿ ಒಲೆಯ ಹತ್ತಿರದಿಂದ ಅತ್ತಿಗೆಯ ದನಿ ಬಂತು, "ಬಂದ್ಲೇನ್ರಿ?" ಅಷ್ಟೇ. ಬೈಗುಳವಲ್ಲ, ನಗೆಯಲ್ಲ. ಆ ಪ್ರಶ್ನೆ ಕೇಳಿ ಅಣ್ಣನ ಕೈಗಳು ಕೆಳಗಿಳಿದವು.

ಮರುದಿನ ಬಾಟಲಿಯಲ್ಲಿ ಉಳಿದದ್ದನ್ನು ಮೊಣಕಾಲಿಗೆ ತಿಕ್ಕಿಕೊಳ್ಳುತ್ತ ಅವನೇ ನನಗೆ ಇದೆಲ್ಲ ಹೇಳಿದ. "ಎಬ್ಬಸಾಕತ್ತಿದ್ದು ತಾಯಿ ಅಲ್ಲೋ ತಮ್ಮಾ, ಇದು. ಕೆಡವಿದ್ದೂ ಇದ, ಎಬ್ಬಿಸಿದ್ದೂ ಇದ. ನಾ ತಾಯಿ ಹೆಸರ ಕೆಡಿಸಿದೆ." ಅವನ ಕಣ್ಣಲ್ಲಿ ನೀರಿತ್ತು. ನನಗೆ ಮಾತ್ರ ಆ ಗಳಿಗೆಯಲ್ಲಿ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು, ಸುಳ್ಳೇಕೆ ಹೇಳಲಿ.

ಬುದ್ಧಿ ಬಂದವರು ಮಾಡುವಂತೆ ನಾನು ತಡವಾಗಿ ಓಡಾಡಿದೆ. ಹುಕ್ಕೇರಿಯಲ್ಲಿ ಒಬ್ಬ ವಯಸ್ಸಾದ ಡಾಕ್ಟರರಿದ್ದರು, ಶಿದ್ಲಿಂಗಪ್ಪ ಎಂದು. ಸಂತೆಯ ದಿನ ಅವರ ದವಾಖಾನೆಗೆ ಹೋಗಿ ಕೇಳಿದೆ. ಅವರು ನಗಲಿಲ್ಲ. "ಮಾಸ್ತರ, ದಾರೂ ನಿದ್ದಿ ಕೊಡಂಗಿಲ್ರಿ, ಮಂಪರ ಕೊಡತೈತಿ. ಮೊದಲಿನ ಅರ್ಧ ರಾತ್ರಿ ಕೆಡವಿ ಹಾಕತೈತಿ. ಮೈಯಿಂದ ಇಳಿಯೋ ಹೊತ್ತಿಗೆ ಬಡದ ಎಬ್ಬಸತೈತಿ, ಆಮ್ಯಾಲಿನ ಅರ್ಧ ರಾತ್ರಿ ಹಾಳ. ಖರೆ ನಿದ್ದಿಯೊಳಗ ಮನುಷ್ಯಾನ ಕಿವಿ ತನಗ ಬೇಕಾದ್ದನ್ನ ಕಾಯತಿರತೈತಿ. ತಾಯಿ ಕೂಸಿನ ದನಿಗೆ ಏಳೂದಿಲ್ಲೇನ್ರಿ? ಆ ಕಿವೀನ ದಾರೂ ಮುಚ್ಚತೈತಿ" ಎಂದರು. ನಾಲ್ಕು ಗಿಲಾಸಿನವರೆಗೆ ಏರಿದವನು ಬಿಟ್ಟಾಗ ಕೆಲವು ದಿನ ಕಷ್ಟ, ನಡುಕ ಹೆಚ್ಚಾದರೆ ಕರೆದುಕೊಂಡು ಬನ್ನಿ ಎಂದೂ ಹೇಳಿದರು. ಹಾಗೇನೂ ಆಗಲಿಲ್ಲ.

ನನ್ನ ಬುದ್ಧಿ ಮತ್ತೆ ಎಲ್ಲಿಗೆ ಹೋಯಿತು ನೋಡಿ. ನಮ್ಮಲ್ಲಿ ಭಂಡಾರ, ಅಂದರೆ ದೇವರ ಅರಿಷಿಣ, ಮುಟ್ಟಿ ಆಣೆ ಮಾಡಿದರೆ ಮುರಿಯುವಂತಿಲ್ಲ. ಒಂದು ಮುಷ್ಟಿ ಭಂಡಾರ ಕಟ್ಟಿಕೊಂಡು ಹಟ್ಟಿಗೆ ಹೋದೆ. ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಆಣೆ ಮಾಡು, ಸಾತಪ್ಪನಿಗೂ ನಂಬಿಕೆ ಬರುತ್ತದೆ ಎಂದೆ. ಅಣ್ಣ ಭಂಡಾರವನ್ನು ಹಣೆಗೆ ಹಚ್ಚಿಕೊಂಡು ಗಂಟನ್ನು ನನಗೇ ಮರಳಿಸಿದ.

"ಆಗಲೆ ಒಮ್ಮೆ ತಾಯೀನ ದಾರೂದೊಳಗ ಎಳತಂದೇನಿ. ಇನ್ನೊಮ್ಮೆ ತರಾಂಗಿಲ್ಲ. ನಾಳೆ ಮಗಳ ಲಗ್ನದಾಗ ಬೀಗರು ಒಂದ ಗಿಲಾಸ ಕೊಟ್ರ ನಾ ಕುಡದೇನು. ಹಗಲ ಹೊತ್ತಿನ್ಯಾಗ, ಹೊಟ್ಟಿ ತುಂಬ ಉಂಡು, ಒಂದ. ನಿದ್ದಿ ಸಲುವಾಗಿ ಕುಡ್ಯಾಂಗಿಲ್ಲ. ಬಾಗಲಕ್ಕ ಕಂಬಳಿ ಹಾಸೋ ದಿನ ಮುಟ್ಟಾಂಗಿಲ್ಲ. ಇಷ್ಟ ನನ್ನ ಕೈಲೆ ಆಗತೈತಿ. ಆಗೋದನ್ನ ಹೇಳಾಕತ್ತೇನಿ."

ನನಗೆ ಸಿಟ್ಟು ಬಂತು. ಇದೇನು ಅರ್ಧಂಬರ್ಧ ಮಾತು, ಬಿಟ್ಟರೆ ಬಿಡಬೇಕು ಎಂದು ಉಪದೇಶ ಮಾಡಿದೆ. ಅವನು ಕೇಳಿಸಿಕೊಂಡು ಕುರಿಗಳ ಕಡೆ ಹೋದ. ಆದರೆ ಮುಂದಿನ ಹದಿನೆಂಟು ವರ್ಷ, ಅವನು ಇರುವವರೆಗೆ, ಆ ಅರ್ಧಂಬರ್ಧ ಮಾತನ್ನು ಅವನು ಪೂರ್ತಿ ನಡೆಸಿದ. ಮಗಳು ಇಂದ್ರವ್ವನ ಮದುವೆಯಲ್ಲಿ ನಾನು ಪಕ್ಕದಲ್ಲೇ ಕುಳಿತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಕುಡಿದ, ಎರಡನೆಯದಕ್ಕೆ ಬೀಗರು ಒತ್ತಾಯ ಮಾಡಿದರೆ ಗಿಲಾಸನ್ನು ಬೋರಲು ಹಾಕಿ ಅದರ ಮೇಲೆ ಅಂಗೈ ಇಟ್ಟುಕೊಂಡ. ಮಾತು ಮುಂದುವರಿಸಿದ. ಎಲ್ಲರಿಗೂ ಅವನ ದಾರಿ ಸರಿ ಎಂದು ನಾನು ಹೇಳುವುದಿಲ್ಲ. ನಮ್ಮ ಓಣಿಯ ಅಪ್ಪಣ್ಣ ಒಂದು ಹನಿ ಮುಟ್ಟಿದರೆ ಮೂರು ದಿನ ಮನೆಗೆ ಬರುತ್ತಿರಲಿಲ್ಲ, ಅವನು ಪೂರ್ತಿ ಬಿಟ್ಟೇ ಬದುಕಿದ. ತನ್ನ ಮೈ ತನಗೆ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ಹೆಂಡತಿಯನ್ನಾದರೂ ಕೇಳಬೇಕು.

ಇದು ಮುಂದಿನ ಮಾತು. ಆ ವಾರ ನಮ್ಮ ಮುಂದಿದ್ದದ್ದು ಸಾತಪ್ಪ. ಅಣ್ಣ ಕುಡಿಯುವುದು ನಿಲ್ಲಿಸಿದ್ದಾನೆ ಎಂದು ಅವನಿಗೆ ಹೇಳಿದರೆ ನಂಬಲಿಲ್ಲ. ಬಾಟಲಿ ಬಂದ ಸುದ್ದಿ ಅವನ ಕಿವಿಗೆ ಬಿದ್ದಿತ್ತು. "ಶುಕ್ರವಾರ ಮುಂಜಾನೆ ನನ್ನ ಕುರಿ ನಾ ಹೊಡಕೊಂಡ ಹೋಗಾವ" ಎಂದು ತೀರ್ಮಾನ ಹೇಳಿಬಿಟ್ಟ. ಬೀರಸಿದ್ದಪ್ಪನೂ ಅವನ ಹಿಂದೆಯೇ ಹೋಗುವವನಿದ್ದ.

ಆ ಚಿಂತೆಯಲ್ಲಿ ಅಣ್ಣನ ನಿದ್ದೆ ಮತ್ತೆ ಕೆಟ್ಟಿತು. ಮಂಗಳವಾರ, ಬುಧವಾರ ಸರಿಯಾಗಿ ಮಲಗಲಿಲ್ಲ. ಕುಡಿಯಲೂ ಇಲ್ಲ. ಗುರುವಾರ ಸಂಜೆ ನಾನು ಹೋದಾಗ ಅತ್ತಿಗೆ ನನ್ನನ್ನು ಬಾಜೂಕ್ಕೆ ಕರೆದಳು. "ತಮ್ಮಾ, ಇವತ್ತ ಇಲ್ಲೇ ಇರು. ನೀ ಒಂದ ಮಗ್ಗಲ, ನಾ ಒಂದ ಮಗ್ಗಲ ಕಾಯೋಣು. ಅವರು ಬಾಗಲಕ್ಕ ಮಲಗಲಿ, ಕಾಯೋ ಜವಾಬ್ದಾರಿ ಬ್ಯಾಡ. ಹೋಗೂದಿದ್ರ ಹಟ್ಟಿ ನಾಳೆ ಹೋಗ್ಲಿ, ಒಂದಿನ ನಿದ್ದಿಯರ ಮಾಡ್ಲಿ."

ಅಣ್ಣನಿಗೂ ಹಾಗೆಯೇ ಹೇಳಿದಳು. ಅವನು ವಾದ ಮಾಡಲಿಲ್ಲ. ಕಂಬಳಿಯ ಮೇಲೆ ಒರಗಿದವನು ಸ್ವಲ್ಪ ಹೊತ್ತು ಆಕಾಶ ನೋಡುತ್ತಿದ್ದ. ಆಮೇಲೆ ಮಗ್ಗುಲಾಗಿ ಮಲಗಿದ. ಗೊರಕೆ ಇರಲಿಲ್ಲ. ಮೂರನೆಯ ಜಾವ ಬಂತು, ಹೋಯಿತು. ಅತ್ತಿಗೆಯೂ ನಾನೂ ಅವನನ್ನೇ ನೋಡುತ್ತಿದ್ದೆವು. ಅವನು ಅಲುಗಲಿಲ್ಲ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬೆಳಕು ಹರಿಯಿತು, ಬಿಸಿಲು ಬಂತು, ಅಣ್ಣ ಇನ್ನೂ ಮಲಗಿದ್ದ. ಹೊಲದ ಆಚೆ ಮಗ್ಗುಲಿನ ಬಿಡಾರದಿಂದ ಸಾತಪ್ಪ ತನ್ನ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ, ಹಿಂದೆ ಬೀರಸಿದ್ದಪ್ಪ. ಬಾಗಿಲಲ್ಲಿ ಮಲಗಿದವನನ್ನು ನೋಡಿ ಸಾತಪ್ಪನ ಮೋರೆ ಕಪ್ಪಿಟ್ಟಿತು. "ನೋಡವ್ವ ಅಕ್ಕಾ, ಹಟ್ಟಿ ಒಡ್ಯಾಕ ಬಂದ್ರೂ ಇಂವಗ ಎಚ್ಚರಿಲ್ಲ. ಕುಡದಿಲ್ಲಂತ ಹೇಳತೀಯಲ್ಲ!"

ಬಗ್ಗಿ ಅಣ್ಣನ ಮುಖದ ಹತ್ತಿರ ಮೂಗು ಒಯ್ದು ವಾಸನೆ ನೋಡಿದ. ಏನೂ ಇರಲಿಲ್ಲ. ಇಲ್ಲದ್ದು ಕಂಡು ಅವನಿಗೆ ಇನ್ನೂ ಸಿಟ್ಟು ಬಂತು. ಬೇಲಿ ಹಾರಿ ಒಳಗಿಳಿದು, ಕಿವಿಯ ಗುರುತು ನೋಡಿ ತನ್ನ ಕುರಿಗಳನ್ನು ಒಂದು ಮಗ್ಗುಲಿಗೆ ಸರಿಸತೊಡಗಿದ. ಆಳುಗಳು ಹೋ ಎಂದು ಕೂಗಿದರು. ನಾಯಿಗಳು ಬೊಗಳಿದವು. ಮುನ್ನೂರು ಕುರಿ ಒಟ್ಟಿಗೆ ಒದರಿದವು. ನಾನು ಸಾತಪ್ಪನ ಜೊತೆ ಜೋರಾಗಿ ಜಗಳಕ್ಕೆ ನಿಂತೆ, ಬೀರಸಿದ್ದಪ್ಪ ನಮ್ಮಿಬ್ಬರಿಗೂ ಬೈಯತೊಡಗಿದ. ಇಷ್ಟು ಗದ್ದಲಕ್ಕೂ ಅಣ್ಣ ಏಳಲಿಲ್ಲ. ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೆ ಎನಿಸಿತು.

ಆಗ ಅವನು ಎದ್ದ. ಯಾಕೆ ಎದ್ದನೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ನಮ್ಮ ಮುಖ ನೋಡಲಿಲ್ಲ, ಸಾತಪ್ಪನ ಮಗ್ಗುಲಿಂದಲೇ ಹಾದು, ಒದರುವ ಕುರಿಗಳನ್ನು ಮೊಣಕಾಲಿನಿಂದ ಸರಿಸುತ್ತ ನೆಟ್ಟಗೆ ಹಟ್ಟಿಯ ದೂರದ ಮೂಲೆಗೆ ಹೋದ. ಅಲ್ಲಿ ಮುಳ್ಳಿಗೆ ಒತ್ತಿಕೊಂಡು ಒಂದು ಕುರಿ ಬಿದ್ದಿತ್ತು. ಅದು ಒದರುತ್ತಲೂ ಇರಲಿಲ್ಲ, ಹಲ್ಲು ಕಚ್ಚಿ ನರಳುತ್ತಿತ್ತು ಅಷ್ಟೇ. ಮರಿ ಅರ್ಧ ಬಂದು ನಿಂತಿತ್ತು, ಒಂದು ಮುಂಗಾಲು ಒಳಗೆ ಮಡಚಿಕೊಂಡಿತ್ತು.

"ಎಣ್ಣಿ ತಾ" ಎಂದ. ಅತ್ತಿಗೆ ಕುಸುಬಿ ಎಣ್ಣೆಯ ಬಟ್ಟಲು ಹಿಡಿದುಕೊಂಡು ಓಡಿದಳು. ಅಣ್ಣ ಬೆರಳಿಗೆ ಹಚ್ಚಿಕೊಂಡು, ಕುರಿಯ ಹೊಟ್ಟೆಗೆ ಒಂದು ಕೈ ಕೊಟ್ಟು, ಮೆಲ್ಲಗೆ ಕಾಲು ಬಿಡಿಸಿದ. ಅವನ ಕೈ ನಡುಗಲಿಲ್ಲ. ಮರಿ ಜಾರಿ ಹೊರಬಂತು, ಉಸಿರಿರಲಿಲ್ಲ. ಹಿಂಗಾಲು ಹಿಡಿದೆತ್ತಿ ಬೀಸಿದ, ಮೂಗು ಒರೆಸಿ ಬಾಯಿಯಿಂದ ಊದಿದ. ಮರಿ ಸೀನಿತು. ಆ ಸೀನು ಕೇಳಿ ನನ್ನ ಎದೆ ತುಂಬಿ ಬಂತು, ಜಗಳ ಎಲ್ಲಿ ನಿಲ್ಲಿಸಿದ್ದೆನೆಂಬುದೇ ಮರೆತುಹೋಯಿತು.

ಆಗ ಅಣ್ಣ ತಲೆಯೆತ್ತಿದ. "ಯಾಕ, ಎಲ್ಲಾರೂ ಮುಂಜ ಮುಂಜಾನೆ ಬಂದ ನಿಂತೀರಿ?"

ಸಾತಪ್ಪ ಹತ್ತಿರ ಬಂದು ಕುರಿಯ ಕಿವಿ ನೋಡಿದ. ಅದು ಅವನದೇ ಗುರುತಿನದು. ಅವನು ಮೂರು ಮಾರು ದೂರದಲ್ಲಿ ನಿಂತಿದ್ದ, ಎಚ್ಚರವಾಗಿದ್ದ, ಆದರೂ ಕೇಳಿರಲಿಲ್ಲ. ಬೀರಸಿದ್ದಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡು, "ಈ ಕಿವಿ ಮಾತ್ರ ಖರೇನ ತಾಯಿ ಕೊಟ್ಟದ್ದು" ಎಂದ. ಅತ್ತಿಗೆ ಈ ಸಲ ಅವನಿಗೆ ಎದುರು ಹೇಳಲಿಲ್ಲ.

"ಕುರಿ ಕೂಡಿಸ್ರಿ" ಎಂದು ಸಾತಪ್ಪ ಆಳುಗಳಿಗೆ ಹೇಳಿದ. ಆಮೇಲೆ ಅಣ್ಣನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಏನಿಲ್ಲ ಮಾವಾ. ಸುಮ್ಮನ ಬಂದಿದ್ವಿ" ಎಂದ.

"ಹಂಗಾರ ನಾ ಇನ್ನೊಂದೀಟ ಮಕ್ಕೋತೀನಿ" ಎಂದ ಅಣ್ಣ. ಕೈ ತೊಳೆದುಕೊಂಡು ಬಂದು ಬಾಗಿಲಿನ ಕಂಬಳಿಯ ಮೇಲೆ ಅಡ್ಡ ಬಿದ್ದವನು ಎರಡು ನಿಮಿಷಕ್ಕೆ ನಿದ್ದೆಹೋದ.

ಕುರಿಗಳನ್ನು ಮೇಯಿಸಲು ಬಿಡುವ ಹೊತ್ತು ಆಗಲೇ ಮೀರಿತ್ತು, ಹೊರಗೆ ಹೋಗಲು ಇದ್ದದ್ದು ಅದೊಂದೇ ಬಾಗಿಲು. ನಾನು ಎಬ್ಬಿಸಲು ಬಗ್ಗಿದೆ. ಸಾತಪ್ಪ ನನ್ನ ರಟ್ಟೆ ಹಿಡಿದ. ತಾನೇ ಹೋಗಿ ಹಿಂದಿನ ಮಗ್ಗುಲಿನ ಮುಳ್ಳನ್ನು ಬರಿಗೈಯಿಂದ ಕಿತ್ತು, ಮುನ್ನೂರು ಕುರಿಗಳನ್ನೂ ಅಲ್ಲಿಂದ ಹೊರಗೆ ಬಿಟ್ಟ.